ಬೆಟ್ಟದ ಸವಾರನ ಮೇಲೆ ನನ್ನ ಸಿಟ್ಟು

ನನಗೆ ಒಬ್ಬ ಮನುಷ್ಯನ ಮೇಲೆ ಸಿಟ್ಟಿದೆ. ಅವನು ಸತ್ತು ನೂರು ವರ್ಷದ ಮೇಲಾಗಿರಬೇಕು. ನಿಜವಾಗಿ ಹುಟ್ಟಿದ್ದನೋ ಇಲ್ಲವೋ, ಅದೂ ಗೊತ್ತಿಲ್ಲ. ಎತ್ತರ ನನ್ನ ಕಿರುಬೆರಳಿನ ಉಗುರಿನಷ್ಟು. ಮುಖ ನೋಡಿಲ್ಲ, ಏಕೆಂದರೆ ಅವನು ನಮಗೆ ಬೆನ್ನು ತಿರುಗಿಸಿ ಕುದುರೆಯ ಮೇಲೆ ಕೂತಿದ್ದಾನೆ. ಇಷ್ಟು ಕಡಿಮೆ ಪರಿಚಯದಲ್ಲಿ ಇಷ್ಟು ದೊಡ್ಡ ಸಿಟ್ಟು ಬರುವುದು ನನಗೂ ಹೊಸದು. ಸಾಮಾನ್ಯವಾಗಿ ನಾನು ಜನರನ್ನು ಚೆನ್ನಾಗಿ ತಿಳಿದುಕೊಂಡ ಮೇಲೆಯೇ ಅವರ ಮೇಲೆ ರೇಗುವುದು.

ಅವನಿರುವುದು ಹತ್ತೊಂಬತ್ತನೆಯ ಶತಮಾನದ ಒಂದು ಅಮೆರಿಕನ್ ಚಿತ್ರದಲ್ಲಿ. ಚಿತ್ರದ ಮುಕ್ಕಾಲು ಪಾಲು ಬೆಟ್ಟ. ಒಂದರ ಹಿಂದೊಂದು ನಿಂತು, ಕೊನೆಯದು ಹಿಮ ಹೊತ್ತು ಮೋಡದೊಳಗೆ ತಲೆ ತೂರಿಸಿದೆ. ಮೋಡ ಒಂದು ಕಡೆ ಹರಿದು, ಅಲ್ಲಿಂದ ತುಪ್ಪದ ಬಣ್ಣದ ಬೆಳಕು ಕೆಳಗಿನ ಕೊಳದ ಮೇಲೆ ಸುರಿಯುತ್ತಿದೆ. ಎಡ ಮೂಲೆಯಲ್ಲಿ, ಚಿತ್ರಕಾರನಿಗೆ ಕೊನೆಗಳಿಗೆಯಲ್ಲಿ ನೆನಪಾಯಿತೇನೋ ಎಂಬಂತೆ, ಕಂದು ಕುದುರೆಯ ಮೇಲೆ ಈ ಮಹಾಶಯ. ತಲೆಗೆ ಟೋಪಿ ಇದೆ. ಅವಸರ ಇಲ್ಲ. ಅವನನ್ನು ಯಾರೂ ಮೀಟಿಂಗಿಗೆ ಕರೆದಿಲ್ಲ. ಮನೆಯಿಂದ ಐದು ಕಿಲೋಮೀಟರಿನ ಆಚೆ ಯಾಕೆ ಬಂದೆ ಎಂದು ಯಾವ ಪೊಲೀಸಿನವರೂ ಅವನನ್ನು ತಡೆದು ಕೇಳುತ್ತಿಲ್ಲ.

ಚಿತ್ರ ನಮ್ಮ ಮನೆಗೆ ಬಂದದ್ದು ಮಗಳ ಶಾಲೆಯ ಆ್ಯಪಿನ ಮೂಲಕ. ಕೊರೊನಾ ಬಂದು ವರ್ಷ ತುಂಬುತ್ತಿದ್ದ ಜನವರಿ ಅದು. ಮನೆಯಿಂದ ಐದು ಕಿಲೋಮೀಟರು ದಾಟಬಾರದೆಂದು ಸರ್ಕಾರದ ಕಟ್ಟಪ್ಪಣೆ. ಕ್ರಿಸ್‌ಮಸ್ ರಜೆ ಮುಗಿದರೂ ಶಾಲೆಗಳು ಬಾಗಿಲು ತೆಗೆಯಲಿಲ್ಲ. ನಾವಿರುವುದು ಐರ್ಲೆಂಡಿನ ಸ್ವೋರ್ಡ್ಸ್ ಎಂಬ ಊರಿನಲ್ಲಿ, ಡಬ್ಲಿನ್ ಏರ್‌ಪೋರ್ಟಿಗೆ ಕೂಗಳತೆ. ಮನೆ ಬಾಡಿಗೆಗೆ ಹಿಡಿದ ದಿನದಿಂದ ವಿಮಾನಗಳ ಸದ್ದಿಗೆ ಬೈದುಕೊಂಡು ಬಂದವನು ನಾನು. ಈಗ ಆಕಾಶ ತೆಪ್ಪಗಿತ್ತು. ಅದಕ್ಕೂ ಬೈಯತೊಡಗಿದೆ. ಅಂಥ ದಿನಗಳಲ್ಲಿ ಬೈಯುವುದಕ್ಕೆ ಕಾರಣಗಳ ಬರ ಇರಲಿಲ್ಲ, ಬೈಯಿಸಿಕೊಳ್ಳಲು ಜನರ ಬರ ಇತ್ತು.

ನನ್ನ ಹೆಂಡತಿ ವೀಣಾ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಆರೂವರೆಗೆ, ಇಬ್ಬರೋ ಮೂವರೋ ಕೂತ ಬಸ್ಸಿನಲ್ಲಿ ಅವಳು ಹೋದರೆ ಮನೆಯಲ್ಲಿ ಉಳಿಯುವವರು ನಾನು ಮತ್ತು ಎಂಟು ವರ್ಷದ ಇಳಾ. ಅಡುಗೆಮನೆಯಲ್ಲಿ ಒಂದೇ ಟೇಬಲ್ಲು. ಅರ್ಧ ನನ್ನ ಆಫೀಸು, ಅರ್ಧ ಅವಳ ಶಾಲೆ. ನಡುವೆ ಗಡಿಕಲ್ಲಿನಂತೆ ಉಪ್ಪಿನಕಾಯಿ ಜಾಡಿ. ಗಡಿ ದಾಟಿ ಅವಳ ಬಣ್ಣದ ಪೆನ್ಸಿಲ್ಲು ಬಂದರೆ ನಾನು ರೇಗುತ್ತಿದ್ದೆ, ನನ್ನ ಕಾಫಿ ಲೋಟ ಹೋದರೆ ಅವಳು ಸುಮ್ಮನೆ ಅದನ್ನು ಎತ್ತಿ ಈಚೆಗಿಡುತ್ತಿದ್ದಳು.

ಆಫೀಸಿನಲ್ಲಿ ನಾನು ಬಹಳ ಸೌಮ್ಯ ಎಂದು ಹೆಸರು. ಹತ್ತು ವರ್ಷದಲ್ಲಿ ಒಂದು ಸಲವೂ ದನಿ ಏರಿಸಿದವನಲ್ಲ. ಇದರ ಗುಟ್ಟು ಹೇಳಬೇಕಾದರೆ ಮ್ಯೂಟ್ ಎಂಬ ಗುಂಡಿಯ ಬಗ್ಗೆ ಹೇಳಬೇಕು. ಮನುಷ್ಯ ಕಂಡುಹಿಡಿದ ಯಂತ್ರಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಇದೇ. ನನ್ನ ಮೇಲಿನವನು ಮಾತಾಡುತ್ತಿರುತ್ತಾನೆ. ಶುಕ್ರವಾರದೊಳಗೆ ಮುಗಿಯದ ಕೆಲಸವನ್ನು ಗುರುವಾರದೊಳಗೆ ಮುಗಿಸುವ ಯೋಜನೆ ವಿವರಿಸುತ್ತಿರುತ್ತಾನೆ. ನಾನು ಪರದೆಯ ಮೇಲೆ ತಲೆಯಾಡಿಸುತ್ತಾ, ತುಟಿ ಹೆಚ್ಚು ಅಲುಗದಂತೆ, ಅಚ್ಚ ಕನ್ನಡದಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳುತ್ತಿರುತ್ತೇನೆ. ಮುಠ್ಠಾಳ ಎಂಬಲ್ಲಿಂದ ಶುರುವಾಗಿ ಬೇವರ್ಸಿ ಎಂಬಲ್ಲಿಗೆ ಬರುವ ಹೊತ್ತಿಗೆ ಕ್ಯಾಮೆರಾ ಆರಿಸಬೇಕಾಗುತ್ತದೆ, ಏಕೆಂದರೆ ಆಮೇಲೆ ಕೈಗಳೂ ಸೇರಿಕೊಳ್ಳುತ್ತವೆ, ಟೇಬಲ್ಲು ಗುದ್ದುವುದೂ ಉಂಟು. ಮಾತಿನ ಸರದಿ ನನ್ನ ಕಡೆ ಬಂದಾಗ ಗುಂಡಿ ಒತ್ತಿ, ಅಬ್ಸೊಲ್ಯೂಟ್ಲಿ, ನೋ ಪ್ರಾಬ್ಲಮ್ ಅಟ್ ಆಲ್ ಎನ್ನುತ್ತೇನೆ. ಎದುರಿಗೆ ಇಳಾ ಹೆಡ್‌ಫೋನ್ ಹಾಕಿಕೊಂಡು ಪಾಠ ಕೇಳುತ್ತಿರುತ್ತಿದ್ದಳು. ಇದರಿಂದ ಯಾರಿಗೂ ತೊಂದರೆಯಿಲ್ಲ ಎಂದು ನಾನು ನಂಬಿಕೊಂಡಿದ್ದೆ.

ಅಂಥ ಒಂದು ಮೀಟಿಂಗು ಮುಗಿದ ಮಧ್ಯಾಹ್ನ ಈ ಸವಾರ ಬಂದ. ಕಳಿಸಿದವರು ಇಳಾಳ ಟೀಚರ್ ಓರ್ಲಾ. ಆ ಶಾಲೆಯಲ್ಲಿ ಮಕ್ಕಳು ಟೀಚರನ್ನು ಹೆಸರು ಹಿಡಿದೇ ಕರೆಯುತ್ತಾರೆ. ಅದು ನನಗೆ ಬಾಯಿಗೆ ಬರದೆ ನಾನು ಮಾತ್ರ ಓರ್ಲಾ ಮೇಡಂ ಎನ್ನುತ್ತೇನೆ. ಚಿತ್ರದ ಕೆಳಗೆ ಮೂರು ಪ್ರಶ್ನೆ ಇದ್ದವು. ಈ ಸವಾರ ಯಾರು? ಎಲ್ಲಿಗೆ ಹೋಗುತ್ತಿದ್ದಾನೆ? ಅವನ ಮನಸ್ಸಿನಲ್ಲಿ ಏನಿದೆ?

"ನೋಡು ಇಳಾ, ಎಷ್ಟು ಚೆನ್ನಾಗಿದೆ. ಏನನ್ಸುತ್ತೆ ನಿಂಗೆ? ಏನ್ ಯೋಚ್ನೆ ಮಾಡ್ತಿದಾನೆ ಇವ್ನು?"

ಅವಳು ಚಿತ್ರ ನೋಡಿದಳು. ನನ್ನ ಮುಖ ನೋಡಿದಳು. "ಹೀಸ್ ಗ್ರ್ಯಾಂಡ್," ಎಂದಳು.

ಗ್ರ್ಯಾಂಡ್ ಎಂದರೆ ಭರ್ಜರಿ ಎಂದು ಓದಿಕೊಂಡು ಈ ದೇಶಕ್ಕೆ ಬಂದವರು ನಾವು. ಇಲ್ಲಿ ಅದಕ್ಕೆ ಆ ಅರ್ಥವೇ ಇಲ್ಲ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರೂ ಗ್ರ್ಯಾಂಡ್, ಬಸ್ಸು ತಪ್ಪಿಸಿಕೊಂಡವರೂ ಗ್ರ್ಯಾಂಡ್, ಮಳೆಯಲ್ಲಿ ತೊಯ್ದು ನಿಂತವರೂ ಗ್ರ್ಯಾಂಡ್. ಪರವಾಗಿಲ್ಲ, ಬೇಡ, ಸಾಕು, ಬಿಟ್ಟುಬಿಡಿ, ಎಲ್ಲಕ್ಕೂ ಅದೇ. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು ಆ ಪದವನ್ನು ಇಲ್ಲಿನವರ ಹಾಗೆ ಸ್ವಲ್ಪ ಎಳೆದು ಹೇಳುತ್ತಾಳೆ. ಬೇರೆ ದಿನ ಅದು ನನಗೆ ಮುದ್ದು. ಅವತ್ತು ಮೈಯೆಲ್ಲ ಉರಿಯಿತು. ಬೆಟ್ಟ, ಬೆಳಕು, ಕೊಳ, ಮೂರು ಪ್ರಶ್ನೆ, ಎಲ್ಲಕ್ಕೂ ಸೇರಿ ಒಂದು ಗ್ರ್ಯಾಂಡ್. ಹೀಗೆ ಉತ್ತರ ಕೊಟ್ಟರೆ ಮುಂದೆ ಇವಳ ಗತಿಯೇನು ಎಂದು, ಎಂಟು ವರ್ಷದವಳ ಮುಂದಿನ ಇಪ್ಪತ್ತು ವರ್ಷ ಒಂದೇ ನಿಮಿಷದಲ್ಲಿ ನನ್ನ ಕಣ್ಣ ಮುಂದೆ ಹಾಳಾಗಿಹೋಯಿತು.

"ಸರಿ ಬಿಡು, ನಾನೇ ಬರೀತೀನಿ," ಎಂದೆ.

ಇದನ್ನು ಓದುತ್ತಿರುವ ನೀವು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಓದಿದವರಾದರೆ ಈ ಮಾತಿನಲ್ಲಿ ನಿಮಗೇನೂ ವಿಚಿತ್ರ ಕಾಣುವುದಿಲ್ಲ. ಮಕ್ಕಳ ಪ್ರಾಜೆಕ್ಟ್ ಮಾಡುವುದು ನಮ್ಮಲ್ಲಿ ಅಪ್ಪ ಅಮ್ಮಂದಿರ ಕೆಲಸ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಶಾಲೆಯ ವಸ್ತುಪ್ರದರ್ಶನಕ್ಕೆ ನಮ್ಮಪ್ಪ ಒಂದು ದಿನ ರಜೆ ಹಾಕಿ, ಥರ್ಮೋಕೋಲಿನಲ್ಲಿ ಅಣೆಕಟ್ಟು ಕಟ್ಟಿ, ಅದರಲ್ಲಿ ನಿಜವಾದ ನೀರು ಹರಿಸಿದರು. ನನಗೆ ಅದನ್ನು ಮುಟ್ಟಲು ಅನುಮತಿ ಇರಲಿಲ್ಲ. ಎರಡನೇ ಬಹುಮಾನ ಬಂತು. ಮೊದಲನೆಯದು ಬಂದದ್ದು ಎದುರುಮನೆಯ ಎಂಜಿನಿಯರರಿಗೆ. ಅವರ ಮಗ ನನ್ನ ಕ್ಲಾಸಿನಲ್ಲೇ ಇದ್ದ, ಆದರೆ ಆ ಸ್ಪರ್ಧೆಗೂ ಅವನಿಗೂ ಸಂಬಂಧವಿರಲಿಲ್ಲ. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನ್ನನ್ನು ಯಾರೂ ಏನೂ ಕೇಳಲಿಲ್ಲ; ಬಹುಮಾನದ ಸ್ಟೀಲಿನ ಡಬ್ಬಿ ಮಾತ್ರ ನನ್ನ ಕೈಗೆ ಕೊಟ್ಟರು.

ಹಾಗಾಗಿ ಮೂರು ಗಂಟೆಯ ಮೀಟಿಂಗಿಗೆ ತಲೆನೋವು ಎಂದು ಹೇಳಿ, ಸವಾರನ ಬೆನ್ನು ಹತ್ತಿದೆ. ಇಂಟರ್ನೆಟ್ಟಿನಲ್ಲಿ ಓದುತ್ತಾ ಹೋದಂತೆ ಸಿಟ್ಟು ಇಳಿಯುವ ಬದಲು ಏರಿತು. ಈ ಬಗೆಯ ಚಿತ್ರ ಬರೆದ ಅನೇಕರು ಬೆಟ್ಟದ ಮುಂದೆ ನಿಂತು ಪೂರ್ತಿ ಬರೆದವರಲ್ಲವಂತೆ. ಅಲ್ಲಿ ಹೋಗಿ ನಾಲ್ಕು ಗೀಟು ಹಾಕಿಕೊಂಡು, ಊರಿಗೆ ವಾಪಸು ಬಂದು, ಬೆಚ್ಚಗಿನ ಕೋಣೆಯಲ್ಲಿ ಕೂತು ಬೆಟ್ಟವನ್ನು ಬೇಕಾದಷ್ಟು ಎತ್ತರಿಸಿಕೊಂಡರು. ಅಂದರೆ ಅವರೂ ವರ್ಕ್ ಫ್ರಮ್ ಹೋಮ್. ಪಟ್ಟಣದ ಜನ ಟಿಕೆಟ್ಟು ಕೊಂಡು, ನಾಟಕ ನೋಡುವ ದುರ್ಬೀನು ಹಿಡಿದು ಆ ಬೆಟ್ಟವನ್ನು ನೋಡಲು ಬರುತ್ತಿದ್ದರು. ಇನ್ನೂ ದೊಡ್ಡ ಮೋಸ ಬೇರೆ ಇದೆ. ಚಿತ್ರದಲ್ಲಿ ನರಪಿಳ್ಳೆಯಿಲ್ಲದ ಆ ಕಣಿವೆಗಳಲ್ಲಿ ನಿಜವಾಗಿ ಜನ ಇದ್ದರು, ತಲೆತಲಾಂತರದಿಂದ ಇದ್ದರು. ಅವರನ್ನು ಮೊದಲು ಕುಂಚದಿಂದ ಒರೆಸಿದರು, ಆಮೇಲೆ ಬಂದೂಕಿನಿಂದ ಓಡಿಸಿದರು. ಅಥವಾ ಮೊದಲು ಬಂದೂಕು, ಆಮೇಲೆ ಕುಂಚ. ಖಾಲಿಯಾದ ಜಾಗದಲ್ಲಿ ಈ ಟೋಪಿಯವನನ್ನು ತಂದು ಕೂರಿಸಿದರು, ಇದೆಲ್ಲ ದೇವರೇ ಬಿಡಿಸಿಟ್ಟ ಜಾಗ ಎನ್ನುವ ಹಾಗೆ.

ನಮ್ಮ ಕಡೆಯ ವೀರಗಲ್ಲು ನೋಡಿ. ಕುದುರೆ ಏರಿದವನು ಕಲ್ಲಿನ ಈ ಅಂಚಿನಿಂದ ಆ ಅಂಚಿನವರೆಗೆ ತುಂಬಿಕೊಂಡಿರುತ್ತಾನೆ. ಅವನ ಕತ್ತಿ ಬೀಸುವುದಕ್ಕೇ ಜಾಗ ಸಾಲದು, ಇನ್ನು ಬೆಟ್ಟಕ್ಕೆಲ್ಲಿ. ಅವನು ಯಾರು ಎಂಬ ಪ್ರಶ್ನೆಯೂ ಇಲ್ಲ. ದನ ಬಿಡಿಸಲು ಹೋಗಿ ಸತ್ತ ಇಂಥವನು ಎಂದು ಅಲ್ಲೇ ಕೆತ್ತಿರುತ್ತಾರೆ. ಎಲ್ಲಿಗೆ ಹೋಗುತ್ತಿದ್ದಾನೆ ಎಂದು ತಿಳಿಯಬೇಕಾದರೆ ಒಂದು ಪಟ್ಟಿ ಮೇಲಕ್ಕೆ ಕಣ್ಣೆತ್ತಿದರೆ ಸಾಕು, ಅಪ್ಸರೆಯರು ಅವನ ತೋಳು ಹಿಡಿದು ಕರೆದೊಯ್ಯುತ್ತಿರುತ್ತಾರೆ. ಸ್ಪಷ್ಟ ವ್ಯವಹಾರ. ಈ ಅಮೆರಿಕದವನೋ, ಮುಖ ಕೂಡ ತೋರಿಸದೆ ನಮ್ಮಿಂದಲೇ ಉತ್ತರ ಬರೆಸಿಕೊಳ್ಳುತ್ತಾನೆ.

ನನಗೂ ಕುದುರೆಗೂ ಇರುವ ನಂಟು ಬಹಳ ದೊಡ್ಡದೇನಲ್ಲ. ಇಳಾಳ ವಯಸ್ಸಿನಲ್ಲಿ ಊಟಿಯ ಕೆರೆ ದಂಡೆಯಲ್ಲಿ ನನ್ನನ್ನು ಒಂದು ಬಡಕಲು ಕುದುರೆಯ ಮೇಲೆ ಹತ್ತಿಸಿದ್ದರು. ಅದು ನಾಲ್ಕು ಹೆಜ್ಜೆ ಹಾಕಿ ಹುಲ್ಲು ಮೇಯತೊಡಗಿತು. ನಾನು ಸಿನಿಮಾದಲ್ಲಿ ನೋಡಿದಂತೆ ಹಿಮ್ಮಡಿಯಿಂದ ತಿವಿದೆ. ಅದು ಕತ್ತು ತಿರುಗಿಸಿ ನನ್ನನ್ನೊಮ್ಮೆ ನೋಡಿ ಮತ್ತೆ ಮೇಯಿತು. ಫೋಟೋದಲ್ಲಿ ನಾನು ಗೆದ್ದವನಂತೆ ನಗುತ್ತಿದ್ದೇನೆ, ಕುದುರೆಯ ತಲೆ ಫೋಟೋದ ಹೊರಗಿದೆ.

ಇರಲಿ. ಒಟ್ಟಿನಲ್ಲಿ ಎರಡು ಪುಟ ಬರೆದೆ. ಸವಾರ ಭೂಮಿ ಅಳೆಯಲು ಬಂದವನೆಂದೂ, ಅವನ ಮನಸ್ಸಿನಲ್ಲಿರುವುದು ಬೇಲಿಯೆಂದೂ, ಬೆಳಕು ಬೀಳುತ್ತಿರುವುದು ದೇವರ ಕೃಪೆಯಿಂದಲ್ಲ, ವಸಾಹತುಶಾಹಿಯ ಕಡೆಯಿಂದ ಎಂದೂ ಸಾಧಿಸಿದೆ. ಎಂಟು ವರ್ಷದವಳು ಬರೆದಂತೆ ಕಾಣಲಿ ಎಂದು ಎರಡು ಕಡೆ ಸ್ಪೆಲ್ಲಿಂಗ್ ಬೇಕೆಂದೇ ತಪ್ಪಿಸಿದೆ. ಗಡಿಯಾಚೆ ಇಳಾ ಏನೋ ಬರೆಯುತ್ತಾ, ಗೀಚುತ್ತಾ ಕೂತಿದ್ದಳು. ಸದ್ಯ, ಗಲಾಟೆ ಮಾಡುತ್ತಿಲ್ಲವಲ್ಲ ಎಂದುಕೊಂಡೆ. ಐದು ಗಂಟೆಗೆ ಅವಳ ಹೆಸರಿನಲ್ಲಿ ಆ್ಯಪಿಗೆ ಏರಿಸಿ, ಬಹಳ ದಿನಗಳ ಮೇಲೆ ಒಳ್ಳೆಯ ತಂದೆಯಂತೆ ಚಹಾ ಕುಡಿದೆ.

ಮಾರನೆಯ ದಿನ ಕ್ಲಾಸಿನಲ್ಲಿ, ನನಗೆ ಆಮೇಲೆ ತಿಳಿದಂತೆ, ಓರ್ಲಾ ಮೇಡಂ ಮಕ್ಕಳ ಉತ್ತರಗಳನ್ನು ಒಂದೊಂದಾಗಿ ಎತ್ತಿಕೊಂಡರು. ಒಬ್ಬಳ ಸವಾರ ಪಿಜ್ಜಾ ತಲುಪಿಸಲು ಹೊರಟಿದ್ದ, ಇನ್ನೊಬ್ಬಳ ಸವಾರ ಅಜ್ಜಿಯನ್ನು ಕಿಟಕಿಯಿಂದ ಮಾತಾಡಿಸಲು. ಇಳಾಳ ಸರದಿ ಬಂತು. ಅವರು ಬಹಳ ಮೆತ್ತಗೆ ಕೇಳಿದರು, ಇಳಾ, ಇಲ್ಲಿ ವಸಾಹತುಶಾಹಿ ಅಂತ ಬರೆದಿದ್ದೀಯಲ್ಲ, ಅದನ್ನು ನಿನ್ನ ಮಾತಿನಲ್ಲಿ ನಮಗೆಲ್ಲ ಹೇಳ್ತೀಯಾ ಎಂದು.

ಪರದೆಯ ಮೇಲೆ ಇಪ್ಪತ್ತಾರು ಮುಖಗಳು. ಟೇಬಲ್ಲಿನ ಈಚೆ ನಾನು, ನನ್ನದೇ ಮೀಟಿಂಗಿನಲ್ಲಿ ತಲೆಯಾಡಿಸುತ್ತಾ. ಇಳಾ ನನ್ನ ಕಡೆ ನೋಡಲಿಲ್ಲ. "ಮೈ ಡ್ಯಾಡ್ ಡಿಡ್ ಇಟ್," ಎಂದಳು. ನನ್ನನ್ನು ಅಪ್ಪ ಎಂದೇ ಕರೆಯುವವಳು ಅವತ್ತು ಡ್ಯಾಡ್ ಎಂದಳು. ಆಮೇಲೆ ಕ್ಯಾಮೆರಾ ಆರಿಸಿ, ಮಹಡಿ ಹತ್ತಿ ಹೋದಳು.

ಅವಳು ಅತ್ತಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ, ಜಗಳವಾಡಿದ್ದರೆ ವಾದ ಹೂಡುತ್ತಿದ್ದೆ. ಎರಡೂ ಮಾಡಲಿಲ್ಲ. ನಾಲ್ಕು ದಿನ ಕ್ಲಾಸಿನಲ್ಲಿ ಕ್ಯಾಮೆರಾ ಹಾಕಲಿಲ್ಲ, ಒಂದು ಮಾತಾಡಲಿಲ್ಲ. ನನ್ನ ಜೊತೆಗೂ ಅಷ್ಟೇ. ದೋಸೆ ಹೇಗಿದೆ? ಗ್ರ್ಯಾಂಡ್. ಚಳಿ ಆಗ್ತಿದೆಯಾ? ಗ್ರ್ಯಾಂಡ್. ಸಿಟ್ಟಾ ನನ್ನ ಮೇಲೆ? ಅದಕ್ಕೂ ಗ್ರ್ಯಾಂಡ್. ಹಗಲು ಮನೆಯಲ್ಲಿರುವವರು ಇಬ್ಬರೇ, ಅದರಲ್ಲಿ ಒಬ್ಬರು ಹೀಗೆ ಬಾಗಿಲು ಹಾಕಿಕೊಂಡರೆ ಮನೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ನನಗೆ ಆಗ ತಿಳಿಯಿತು. ನಿಜ ಹೇಳುತ್ತೇನೆ, ನನಗೆ ಭಯವಾಯಿತು. ಅದನ್ನು ಒಪ್ಪಿಕೊಳ್ಳಲಾರದೆ ಓರ್ಲಾ ಮೇಡಂ ಮೇಲೆ ಸಿಟ್ಟು ಮಾಡಿಕೊಂಡೆ, ಆ ಚಿತ್ರಕಾರನ ಮೇಲೆ ಮಾಡಿಕೊಂಡೆ, ಸವಾರನ ಮೇಲಂತೂ ಸರಿಯೇ ಸರಿ.

ವೀಣಾ ಲ್ಯಾಬಿನಿಂದ ಬಂದವಳು ಕೈ ತೊಳೆದು, ಬಟ್ಟೆ ಬದಲಿಸಿ, ಎಲ್ಲ ಕೇಳಿಸಿಕೊಂಡಳು. ಮುಖದ ಮೇಲೆ ಮಾಸ್ಕಿನ ಗೆರೆ ಇನ್ನೂ ಹಾಗೇ ಇತ್ತು.

"ನಿನ್ ಹೋಮ್‌ವರ್ಕ್‌ಗೆ ಎಷ್ಟ್ ಮಾರ್ಕ್ಸ್ ಬಂತು?" ಎಂದಳು.

"ತಮಾಷೆ ಬೇಡ ವೀಣಾ. ಅವ್ಳು ಏನೂ ಬರೀಲಿಲ್ಲ, ಅದಕ್ಕೆ ಬರ್ದೆ."

"ಬರ್ದಿದಾಳಂತಲ್ಲ. ಟೇಬಲ್ ಮೇಲೆ ಇಟ್ಟಿದ್ಲಂತೆ. ನೀನು ನೋಡಿಲ್ವಾ?"

ನಾನು ನೋಡಿರಲಿಲ್ಲ. ಮರುದಿನ ಓರ್ಲಾ ಮೇಡಂ ಫೋನ್ ಮಾಡಿದರು. ಬೈಯುತ್ತಾರೆ ಎಂದು ಸಿದ್ಧನಾಗಿದ್ದೆ. ಅವರು ನಿಮ್ಮ ಬರವಣಿಗೆಯಿಂದ ತುಂಬ ಕಲಿತೆ ಎಂದರು. ಅದು ಬೈಗುಳಕ್ಕಿಂತ ಆಳಕ್ಕೆ ಹೋಯಿತು. ಆಮೇಲೆ ಹೇಳಿದರು, ಇಳಾ ತಾನೂ ಒಂದು ಬರೆದಿದ್ದೇನೆಂದು ಆ್ಯಪಿನಲ್ಲಿ ತಿಳಿಸಿದ್ದಾಳೆ, ನನಗೆ ಬೇಕಾದದ್ದು ಅದು, ಒಂದು ಸಾಲಿದ್ದರೂ ಸರಿ.

ಹುಡುಕಿದೆ. ಸೋಫಾದ ಸಂದಿ, ಪುಸ್ತಕದ ಚೀಲ, ಹಿತ್ತಲಿನಲ್ಲಿ ಕಾಗದದ ಕಸ ಹಾಕುವ ಹಸಿರು ಬಿನ್ನು. ಬಿನ್ನಿನಲ್ಲಿ ತಲೆ ಹಾಕಿ ನಿಂತಾಗ ನೆನಪಾಯಿತು, ನಾನು ಕಾಗದ ಬಿಸಾಡುವವನೇ ಅಲ್ಲ. ಒಂದು ಮಗ್ಗುಲು ಖಾಲಿಯಿರುವ ಕಾಗದ ನಮ್ಮ ವಂಶದಲ್ಲಿ ಇದುವರೆಗೆ ಕಸಕ್ಕೆ ಹೋಗಿಲ್ಲ. ಮದುವೆ ಕರೆಯೋಲೆಯಿಂದ ಕರೆಂಟ್ ಬಿಲ್ಲಿನವರೆಗೆ ಎಲ್ಲವನ್ನೂ ಮಗುಚಿ, ಕ್ಲಿಪ್ಪು ಹಾಕಿ, ರಫ್ ಶೀಟ್ ಎಂದು ಇಟ್ಟುಕೊಳ್ಳುತ್ತೇವೆ. ಈ ದೇಶಕ್ಕೆ ಬಂದು ಹದಿನಾಲ್ಕು ವರ್ಷವಾದರೂ, ಆಫೀಸಿನವರು ಪುಕ್ಕಟೆ ನೋಟ್‌ಬುಕ್ ಕೊಟ್ಟರೂ, ನನ್ನ ಲ್ಯಾಪ್‌ಟಾಪಿನ ಪಕ್ಕ ಆ ಕಟ್ಟು ಇದ್ದೇ ಇರುತ್ತದೆ.

ಕಟ್ಟಿನ ಮೂರನೆಯ ಹಾಳೆ. ಮೇಲಿನ ಮಗ್ಗುಲಲ್ಲಿ ನನ್ನ ಅಕ್ಷರ: ಅವಳು ಟೇಬಲ್ಲಿನ ಮೇಲಿಟ್ಟದ್ದನ್ನು ನೋಡದೆಯೇ ಮಗುಚಿ ಕಟ್ಟಿಗೆ ಸೇರಿಸಿಕೊಂಡು, ಆ ವಾರದ ಮೀಟಿಂಗುಗಳಲ್ಲಿ ಗೀಚಿಕೊಂಡದ್ದು. ಗುರುವಾರವಂತೆ, ಇವನಪ್ಪನ ಗುರುವಾರ, ಎಂದು ಶುರುವಾಗಿ, ಬರೆಯಬಾರದ್ದನ್ನೆಲ್ಲ ಬರೆದು, ಕೆಳಗೆ ಗೀಟು ಎಳೆದು, ಕಾಗದ ಹರಿಯುವಷ್ಟು ಒತ್ತಿದ್ದೆ. ಮಗುಚಿದೆ. ಹಿಂದೆ ಪೆನ್ಸಿಲಿನಲ್ಲಿ ಇಳಾಳ ಅಕ್ಷರ. ಅವಳು ಬರೆದದ್ದು ಇಂಗ್ಲಿಷಿನಲ್ಲಿ, ನನ್ನ ಕನ್ನಡದಲ್ಲಿ ಅದು ಇಷ್ಟು:

ಈ ಮನುಷ್ಯನಿಗೆ ತುಂಬ ಸಿಟ್ಟು ಬಂದಿದೆ. ಊರಿನಲ್ಲಿ ಎಲ್ಲರ ಮುಂದೆ ಅವನು ಒಳ್ಳೆಯವನು. ಅದಕ್ಕೇ ಯಾರೂ ಇಲ್ಲದ ಬೆಟ್ಟಕ್ಕೆ ಬಂದು ಬೈಯುತ್ತಾನೆ. ಯಾರಿಗೂ ಕೇಳಿಸುವುದಿಲ್ಲ ಅಂತ ಅವನು ಅಂದುಕೊಂಡಿದ್ದಾನೆ. ಕುದುರೆಗೆ ಕೇಳಿಸುತ್ತದೆ. ತನಗೇ ಬೈಯುತ್ತಿದ್ದಾನೆ ಅಂತ ಕುದುರೆ ಅಂದುಕೊಳ್ಳುತ್ತದೆ.

ಕೆಳಗೆ ಒಂದು ಕುದುರೆ ಬರೆದಿದ್ದಳು. ಅದಕ್ಕೆ ಬಹಳ ದೊಡ್ಡ ಕಿವಿಗಳಿದ್ದವು.

ನಾನು ಎರಡು ಸಲ ಓದಿದೆ. ಮೂರನೆಯ ಸಲ ಓದಲಾಗಲಿಲ್ಲ. ಅವತ್ತು ಚಿತ್ರ ನೋಡಿ, ಆಮೇಲೆ ನನ್ನ ಮುಖ ನೋಡಿ, ಅವಳು ಗ್ರ್ಯಾಂಡ್ ಎಂದದ್ದು ಸೋಮಾರಿತನದಿಂದಲ್ಲ. ರೇಗುವವರ ಎದುರು ಕೂತವರು ಇನ್ನೇನು ಹೇಳಬಲ್ಲರು? ನಾನು ಎಂದೂ ಅವಳ ಮೇಲೆ ಕೈಯೆತ್ತಿಲ್ಲ, ಬೈದದ್ದೂ ಕಡಿಮೆ ಎಂದು ನನ್ನ ಬಗ್ಗೆ ನನಗೊಂದು ಹೆಮ್ಮೆ ಇತ್ತು. ಶಾಲೆ ಮುಚ್ಚಿದ್ದ ತಿಂಗಳುಗಳಲ್ಲೆಲ್ಲ ದಿನಾ ಒಂದು ಮೊಳ ದೂರದಲ್ಲಿ ಕೂತು ಟೇಬಲ್ಲು ಗುದ್ದಿದ್ದೆ. ಆಫೀಸಿಗೆ ಕೇಳಿಸದಂತೆ ನೋಡಿಕೊಂಡಿದ್ದೆ. ಎಷ್ಟು ಎಚ್ಚರಿಕೆಯ ಮನುಷ್ಯ ನಾನು. ಆ ಕ್ಷಣ ನನ್ನ ಮೇಲೆ ನನಗೆ ಬಂದ ಸಿಟ್ಟಿನ ಮುಂದೆ ಮಿಕ್ಕ ಸಿಟ್ಟುಗಳೆಲ್ಲ ಸುಳ್ಳು.

ಮಹಡಿಗೆ ಹೋದೆ. ಅವಳು ಹಾಸಿಗೆಯ ಮೇಲೆ ಕೂತು ಹೆಡ್‌ಫೋನಿನ ವೈರು ಸುತ್ತುತ್ತಿದ್ದಳು.

"ಇದು ಹಾಕ್ಕೊಂಡಿರ್ತಿದ್ಯಲ್ಲ, ಇಳಾ. ಕೇಳಿಸ್ತಿತ್ತಾ?"

"ದಿಸ್ ಸೈಡ್ ಈಸ್ ಬ್ರೋಕನ್," ಎಂದಳು. ಎಡಗಡೆಯದು. ಅಕ್ಟೋಬರಿನ ಹ್ಯಾಲೋವೀನ್ ಹಬ್ಬದಿಂದಲೂ ಕೆಟ್ಟಿತ್ತಂತೆ. ಹೇಳಿದರೆ ನಾನು ರೇಗುತ್ತೇನೆ ಎಂದು ಹೇಳಿರಲಿಲ್ಲ.

"ನಾನ್ ಬೈತಿದ್ದಿದ್ದು ಆಫೀಸ್‌ನವ್ರಿಗೆ ಪುಟ್ಟ. ನಿಂಗಲ್ಲ."

"ಐ ನೋ." ಸುತ್ತಿದ ವೈರು ಬಿಚ್ಚುತ್ತಾ, "ಬಟ್ ದೇ ಆರ್ ನಾಟ್ ಹಿಯರ್, ಅಪ್ಪ."

ಅವಳಿಗೆ ಕನ್ನಡ ಬರಲೆಂದು ಹುಟ್ಟಿದಾಗಿನಿಂದ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಕಥೆ ಓದಿದ್ದೇನೆ, ಹಾಡು ಹಾಕಿದ್ದೇನೆ, ಕಾಗುಣಿತದ ಚಾರ್ಟು ತರಿಸಿ ಗೋಡೆಗೆ ಅಂಟಿಸಿದ್ದೇನೆ. ಬಂದಿದೆ. ನನ್ನ ಮೀಟಿಂಗುಗಳಿಂದ ಅಚ್ಚುಕಟ್ಟಾಗಿ ಬಂದಿದೆ. ನಾನು ಮಂಚದ ಕೆಳಗೆ ನೆಲದ ಮೇಲೆ ಕೂತೆ. ತಪ್ಪಾಯ್ತು ಎಂದೆ. ಅವಳು ಅದನ್ನು ಯೋಚಿಸಿ ನೋಡಿದಳು.

"ಟೆಲ್ ದೆಮ್," ಎಂದಳು. "ಟೆಲ್ ಮೈ ಕ್ಲಾಸ್."

ಶುಕ್ರವಾರ ಬೆಳಿಗ್ಗೆ, ಗಡಿಯ ಜಾಡಿ ಪಕ್ಕಕ್ಕೆ ಸರಿಸಿ, ಮಗಳ ಪಕ್ಕ ಕುರ್ಚಿ ಹಾಕಿಕೊಂಡು ನಾನು ಮೂರನೇ ಕ್ಲಾಸಿಗೆ ಹಾಜರಾದೆ. ಗಡ್ಡ ಹೆರೆದು ಇಸ್ತ್ರಿ ಅಂಗಿ ಹಾಕಿದ್ದೆ. ಆಫೀಸಿನ ಮೀಟಿಂಗಿಗೆ ಅಷ್ಟು ಮಾಡಿ ವರ್ಷವಾಗಿತ್ತು. ಆ ಉತ್ತರ ಬರೆದವನು ನಾನು, ಇಳಾಳದ್ದನ್ನು ಕೇಳದೆ ನನ್ನದನ್ನು ಕಳಿಸಿದ್ದು ತಪ್ಪು ಎಂದು ಇಪ್ಪತ್ತಾರು ಮಕ್ಕಳ ಮುಂದೆ ಇಂಗ್ಲಿಷಿನಲ್ಲಿ ಹೇಳಿದೆ. ಯಾರೂ ನಗಲಿಲ್ಲ. ಸಾಕಿದ ಹ್ಯಾಮ್‌ಸ್ಟರ್ ಇಲಿಯೊಂದನ್ನು ಭುಜದ ಮೇಲೆ ಕೂರಿಸಿಕೊಂಡಿದ್ದ ಹುಡುಗಿಯೊಬ್ಬಳು, ನಿಮಗೆ ಈಗ ಪನಿಶ್‌ಮೆಂಟ್ ಇದೆಯಾ ಎಂದು ಕಾಳಜಿಯಿಂದ ಕೇಳಿದಳು. ಇದೇ ಅದು ಎಂದೆ. ಅವಳಿಗೆ ಸಾಲಲಿಲ್ಲವೆಂದು ಕಾಣುತ್ತದೆ.

ಇಳಾ ಕ್ಯಾಮೆರಾ ಹಾಕಿದಳು. ಹಾಳೆ ಹಿಡಿದು ಓದಿದಳು. ಓದುವಾಗ ಅದರ ಹಿಂಬದಿ ನನ್ನ ಕಡೆಗಿತ್ತು. ನನ್ನದೇ ಅಕ್ಷರ, ನನ್ನದೇ ಗೀಟುಗಳು, ನನ್ನ ಮುಖಕ್ಕೇ. ತಲೆ ತಗ್ಗಿಸಿದೆ. ಓದಿ ಮುಗಿದ ಮೇಲೆ ಓರ್ಲಾ ಮೇಡಂ ಥ್ಯಾಂಕ್ಯೂ ಎಂದರು. ಅವರು ನನ್ನನ್ನು ಮಾತಿಗೆ ಎಳೆಯದೆ ಇದ್ದದ್ದಕ್ಕೆ ನಾನು ಇವತ್ತಿಗೂ ಋಣಿ. ಆಮೇಲೆ ಕೇಳಿದರು, ಹಾಗಾದರೆ ಇಳಾ, ಈಗ ಕುದುರೆಗೆ ಏನು ಬೇಕು?

ಇದು ಹಾಳೆಯಲ್ಲಿರಲಿಲ್ಲ. ಇಳಾ ಚಿತ್ರ ನೋಡಿದಳು. ಅವನು ಸಿಟ್ಟು ಮಾಡಿಕೊಳ್ಳಲಿ, ಎಂದಳು. ಆದರೆ ಕುದುರೆಯಿಂದ ಕೆಳಗಿಳಿದು ಸ್ವಲ್ಪ ದೂರ ನಡೆಯಲಿ.

ಅವತ್ತೇ ಎರಡು ಗಂಟೆಗೆ ನನ್ನ ಮೀಟಿಂಗು. ಮೇಲಿನವನು ಗುರುವಾರದ ಕೆಲಸವನ್ನು ಬುಧವಾರಕ್ಕೆ ತಂದಿದ್ದ. ಕಿವಿಯ ಹಿಂದೆ ಬಿಸಿ ಏರುವುದು ಗೊತ್ತಾಯಿತು. ಬೆರಳು ತಾನಾಗಿಯೇ ಮ್ಯೂಟ್ ಗುಂಡಿಗೆ ಹೋಯಿತು, ಬಾಯಿಯೂ ತೆರೆಯಿತು. ಎದುರಿಗೆ ಇಳಾ ಗಣಿತದ ಪುಸ್ತಕದ ಮೇಲೆ ಬಗ್ಗಿದ್ದಳು, ಪೆನ್ಸಿಲ್ಲು ನಿಂತಿತ್ತು. ಅವಳು ತಲೆಯೆತ್ತಲಿಲ್ಲ, ಕಾಯುತ್ತಿದ್ದಳು ಅಷ್ಟೇ.

ನಾನು ಕುರ್ಚಿಯಿಂದ ಎದ್ದೆ. ಬಾಗಿಲು ತೆಗೆದು ಹಿತ್ತಲಿಗೆ ಹೋದೆ. ನಮ್ಮ ಹಿತ್ತಲು ಒಂದು ಸೀರೆ ಹಾಸುವಷ್ಟು ಜಾಗ, ನಡುವೆ ಬಟ್ಟೆ ಒಣಗಿಸುವ ತಂತಿಯ ಕಂಬ. ಸೋನೆ ಹನಿಯುತ್ತಿತ್ತು. ಕಂಬದ ಸುತ್ತ ನಡೆಯತೊಡಗಿದೆ. ಪ್ರದಕ್ಷಿಣೆ ಹಾಕುವವನ ಭಕ್ತಿ ನನ್ನಲ್ಲಿರಲಿಲ್ಲ. ಹಲ್ಲು ಕಚ್ಚಿಕೊಂಡು, ಹುಲ್ಲು ಕೆಸರಾಗುವಂತೆ ಕಾಲು ಅಪ್ಪಳಿಸುತ್ತಾ ನಡೆದೆ. ಆರೋ ಏಳೋ ಸುತ್ತಾಗಿರಬೇಕು. ಹಿಂದೆ ಬೂಟಿನ ಸದ್ದು ಕೇಳಿತು. ಇಳಾ ಕೋಟು ತಲೆಯ ಮೇಲೆ ಎಳೆದುಕೊಂಡು ಬಂದು, ನನ್ನ ಪಕ್ಕದಲ್ಲಿ ಹೆಜ್ಜೆ ಹಾಕತೊಡಗಿದಳು. ನನ್ನ ಕಾಲು ಉದ್ದ, ಅವಳದು ಗಿಡ್ಡ. ನಾನು ನಿಧಾನ ಮಾಡಬೇಕಾಯಿತು.

"ಆರ್ ಯು ಸ್ಟಿಲ್ ಕ್ರಾಸ್?" ಎಂದು ಕೇಳಿದಳು.

"ಹೂಂ. ಸಿಟ್ಟು ಇನ್ನೂ ಇದೆ," ಎಂದೆ.

"ಓಕೆ," ಎಂದು ಅವಳು ಮುಂದಿನ ಸುತ್ತಿಗೆ ತಿರುಗಿದಳು. ಒಳಗೆ ಲ್ಯಾಪ್‌ಟಾಪಿನಿಂದ ಯಾರೋ ನನ್ನ ಹೆಸರು ಹಿಡಿದು ಎರಡು ಸಲ ಕರೆದರು. ಕೇಳಿಸುತ್ತಿದೆಯಾ ಎಂದರು. ಕೇಳಿಸುತ್ತಿತ್ತು. ನಾವಿಬ್ಬರೂ ನಡೆಯುತ್ತಲೇ ಇದ್ದೆವು.